ಪರ್ತ್ (ಪಶ್ಚಿಮ ಆಸ್ಟ್ರೇಲಿಯ)

ಪರ್ತ್ ಆಸ್ಟ್ರೇಲಿಯದ ಅತ್ಯಂತ ವಿಶಾಲ ರಾಜ್ಯವಾದ ಪಶ್ಚಿಮ ಆಸ್ಟ್ರೇಲಿಯದ ರಾಜಧಾನಿ. ಹಿಂದೂ ಮಹಾಸಾಗರದ ಕರಾವಳಿಯಿಂದ ಸುಮಾರು 12 ಕಿ.ಮೀ. ಒಳಗೆ, ಸ್ವಾನ್ ನದಿ ತನ್ನ ಪಾತ್ರವನ್ನು ಹಿಗ್ಗಿಸಿಕೊಂಡು ಸರೋವರದಂತೆ ಹರಡಿಕೊಳ್ಳುವ ಎಡೆಯಲ್ಲಿ ನಗರದ ಕೇಂದ್ರಭಾಗವಿದ್ದು, ಅದರ ಬಡಾವಣೆಗಳು ಪಶ್ಚಿಮದಲ್ಲಿ ಕಡಲಿನವರೆಗೂ ಪೂರ್ವದಲ್ಲಿ ಡಾರ್ಲಿಂಗ್ ದಿಣ್ಣೆಗಳ ಬುಡದವರೆಗೂ, ಉತ್ತರ ದಕ್ಷಿಣವಾಗಿ ಕರಾವಳಿಗುಂಟ ನೂರು ಕಿ.ಮೀ.ಗೂ ಮಿಕ್ಕಿ ಚಾಚಿಕೊಂಡಿವೆ. 2021ರ ಜನಗಣತಿಯ ಹೊತ್ತಿಗೆ ಮಹಾನಗರ ಪ್ರದೇಶದ ಜನಸಂಖ್ಯೆ 21 ಲಕ್ಷದಷ್ಟಿತ್ತು. ಅತ್ಯಂತ ಹತ್ತಿರದ ದೊಡ್ಡ ನಗರವಾದ ಅಡಿಲೇಡ್ ಇಲ್ಲಿಂದ ವಾಯುಮಾರ್ಗದಲ್ಲಿ ಸುಮಾರು 2,100 ಕಿ.ಮೀ. ದೂರದಲ್ಲಿದೆ; ತನ್ನದೇ ದೇಶದ ಸಿಡ್ನಿಗಿಂತ ಇಂಡೊನೇಷ್ಯದ ಜಕಾರ್ತವೇ ಪರ್ತ್‌ಗೆ ಹತ್ತಿರ. 1962ರ ಫೆಬ್ರುವರಿ 20ರಂದು ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಿದಾಗ ನಗರವಾಸಿಗಳು ರಾತ್ರಿಯಿಡೀ ದೀಪ ಉರಿಸಿಟ್ಟಿದ್ದರು. ಸುತ್ತಲಿನ ವಿಸ್ತಾರವಾದ ಕತ್ತಲೆಯಲ್ಲಿ ಆ ಬೆಳಕು ಆತನಿಗೆ ಎದ್ದು ಕಂಡಿತು. ‘ಬೆಳಕಿನ ನಗರ’ವೆಂಬ ಹೆಸರು ಪರ್ತ್‌ಗೆ ಬಂದದ್ದು ಆಗ. ಇಂದಿನ ಪ್ರವಾಸಿ ಆ ಹೆಸರನ್ನು ಬಿಸಿಲಿಗೆ ಅನ್ವಯಿಸಿಕೊಂಡರೂ ತಪ್ಪಾಗದು.

ವರ್ಷಕ್ಕೆ ಸರಾಸರಿ 3,200 ಗಂಟೆಗಳ ಬಿಸಿಲು ಪಡೆಯುವ ಪರ್ತ್, ಆಸ್ಟ್ರೇಲಿಯದ ರಾಜ್ಯ ರಾಜಧಾನಿಗಳ ಪೈಕಿ ಅತಿ ಹೆಚ್ಚು ಬಿಸಿಲು ಕಾಣುವ ನಗರ. ಇಲ್ಲಿಯದು ಮೆಡಿಟರೇನಿಯನ್ ಮಾದರಿಯ ಹವಾಮಾನ, ಎಂದರೆ ಬೇಸಗೆ ಒಣಗಿದ್ದು ಮಳೆಯೆಲ್ಲ ಚಳಿಗಾಲದಲ್ಲಿ ಸುರಿಯುವ ಬಗೆಯದು. ದಕ್ಷಿಣಾರ್ಧಗೋಳದಲ್ಲಿ ಚಳಿಗಾಲವು ಜೂನ್‌ನಿಂದ ಆಗಸ್ಟ್‌ವರೆಗೆ ಇರುವುದರಿಂದ, ಕರ್ನಾಟಕದಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲೇ ಪರ್ತ್‌ನಲ್ಲೂ ಮಳೆ; ಕಾರಣ ಮಾತ್ರ ಬೇರೆ. ಇಲ್ಲಿಯದು ದಕ್ಷಿಣ ಸಾಗರದ ಕಡೆಯಿಂದ ಬರುವ ಶೀತಲ ವಾಯುಮುಖಗಳು ತರುವ ಮಳೆ, ಮೊತ್ತದಲ್ಲಿ ಬೆಂಗಳೂರಿನ ಮಳೆಗಿಂತಲೂ ಕಡಿಮೆ. ಜನವರಿ, ಫೆಬ್ರುವರಿಗಳಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ 31 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದು, ಕೆಲವು ದಿನಗಳಲ್ಲಿ ಉಷ್ಣತೆ 40ನ್ನು ದಾಟುತ್ತದೆ. 1991ರ ಫೆಬ್ರುವರಿ 23ರಂದು 46.2 ಡಿಗ್ರಿ ದಾಖಲಾಗಿತ್ತು.

ನಗರದ ಬೇಸಗೆಯ ದಿನಚರಿಯನ್ನು ಬಿಸಿಲಿಗಿಂತ ಹೆಚ್ಚಾಗಿ ಗಾಳಿ ನಿರ್ಧರಿಸುತ್ತದೆ ಎಂಬುದನ್ನು ಪ್ರವಾಸಿ ಕೈಪಿಡಿಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ. ಬೆಳಗಿನ ಹೊತ್ತು ಒಳನಾಡಿನ ಮರುಭೂಮಿಯ ಕಡೆಯಿಂದ ಬೀಸುವ ಒಣ ಮೂಡಗಾಳಿ ಕಡಲಿನ ಮೇಲ್ಮೈಯನ್ನು ನುಣುಪಾಗಿಸುತ್ತದೆ. ಹೊತ್ತೇರಿದಂತೆ ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಮೇಲೇರಿದಾಗ, ಆ ಜಾಗವನ್ನು ತುಂಬಲು ತಣ್ಣಗಿನ ಕಡಲ ಗಾಳಿ ನೈರುತ್ಯದಿಂದ ನುಗ್ಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದಿಂದ ಮೂರು ಗಂಟೆಯೊಳಗೆ ಬರುವ ಈ ಗಾಳಿಗೆ, ಬೇಗೆಯಲ್ಲಿ ಬಳಲಿದವರಿಗೆ ಜೀವ ಬರಿಸುತ್ತದೆಂಬ ಕಾರಣಕ್ಕೆ, ನದೀಮುಖದ ಬಂದರುಪಟ್ಟಣದ ಹೆಸರು ಸೇರಿಸಿ ‘ಫ್ರೀಮ್ಯಾಂಟಲ್ ಡಾಕ್ಟರ್’ ಎಂದು ಸ್ಥಳೀಯರು ಹೆಸರಿಟ್ಟಿದ್ದಾರೆ. ಆದರೆ ಮನೆಯೊಳಗಿರುವವರಿಗೆ ಮದ್ದಾಗುವ ಈ ಡಾಕ್ಟರ್ ಕಡಲ ದಂಡೆಯಲ್ಲಿ ಮಲಗಿದವರ ಮೈಮುಖಕ್ಕೆಲ್ಲ ಮರಳು ಎರಚುತ್ತಾನೆ. ಆದ್ದರಿಂದ ಊರಿನವರು ಬೆಳಗ್ಗೆಯೇ ಈಜಿ ಮನೆಗೆ ಮರಳುತ್ತಾರೆ, ಮಧ್ಯಾಹ್ನದ ಕಡಲನ್ನು ಹಾಯಿಹಲಗೆ ಮತ್ತು ಗಾಳಿಪಟದ ಹಲಗೆಯ ಆಟಗಾರರಿಗೆ ಬಿಟ್ಟುಕೊಡುತ್ತಾರೆ, ಸೂರ್ಯಾಸ್ತಕ್ಕೆ ಮತ್ತೆ ಬರುತ್ತಾರೆ. ಊಟ ಮುಗಿಸಿ ನಿಧಾನವಾಗಿ ದಂಡೆಗೆ ಹೊರಡುವವರು ಹೊಸಬರೆಂದು ಅಷ್ಟರಿಂದಲೇ ತಿಳಿಯುತ್ತದೆ.

ಯುರೋಪಿಯನ್ನರು ತಂದ ನಾಲ್ಕು ಋತುಗಳ ಲೆಕ್ಕ ಈ ನೆಲಕ್ಕೆ ಅಷ್ಟಾಗಿ ಹೊಂದುವುದಿಲ್ಲ. ನೈರುತ್ಯ ಆಸ್ಟ್ರೇಲಿಯದ ಮೂಲನಿವಾಸಿಗಳಾದ ನೂಂಗರ್ ಜನರು ವರ್ಷವನ್ನು ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಾಂಗ್ ಎಂಬ ಆರು ಋತುಗಳಾಗಿ ವಿಂಗಡಿಸಿದ್ದಾರೆ. ಸರಿಸುಮಾರು ಎರಡೆರಡು ತಿಂಗಳ ಈ ಋತುಗಳನ್ನು ಗುರುತಿಸುವುದು ದಿನಾಂಕದಿಂದಲ್ಲ, ಗಾಳಿಯ ದಿಕ್ಕು, ಅರಳುವ ಹೂವು, ಮೊಟ್ಟೆಯಿಡುವ ಹಕ್ಕಿ ಇವುಗಳಿಂದ. ಡಿಸೆಂಬರ್ ಜನವರಿಗಳ ಬಿರಾಕ್ ಒಣಹುಲ್ಲಿಗೆ ಹದವರಿತು ಬೆಂಕಿಯಿಕ್ಕುವ ಕಾಲ. ಅಕ್ಟೋಬರ್ ನವೆಂಬರ್‌ಗಳ ಕಂಬರಾಂಗ್ ಕಾಡುಹೂಗಳ ಕಾಲ. ಪರ್ತ್‌ನ ಉದ್ಯಾನಗಳ ಫಲಕಗಳಲ್ಲಿ ಈಗ ಈ ಹೆಸರುಗಳೇ ಕಾಣಿಸುತ್ತವೆ.

ಪರ್ತ್ ನಿಂತಿರುವ ನೆಲ ನೂಂಗರ್ ಸಮುದಾಯದ ವಜುಕ್ ಪಂಗಡದವರದು. ನದಿಯನ್ನು ಅವರು ಡರ್ಬಾಲ್ ಯೆರಿಗನ್ ಎನ್ನುತ್ತಾರೆ. ವಾಗಲ್ ಎಂಬ ಸೃಷ್ಟಿಸರ್ಪ ನೆಲದ ಮೇಲೆ ಹರಿದಾಡಿ ಅದರ ಪಾತ್ರವನ್ನು ಕೊರೆಯಿತೆಂಬುದು ಅವರ ನಂಬಿಕೆ. 1697ರ ಜನವರಿಯಲ್ಲಿ ಡಚ್ ನಾವಿಕ ವಿಲೆಮ್ ಡಿ ವ್ಲಾಮಿಂಗ್ ನದೀಮುಖವನ್ನು ಹೊಕ್ಕು, ಅಲ್ಲಿ ಕಂಡ ಕಪ್ಪು ಹಂಸಗಳಿಂದಾಗಿ ನದಿಗೆ ಇಂದಿನ ಹೆಸರನ್ನು ಕೊಟ್ಟನು. ಬ್ರಿಟಿಷ್ ನೌಕಾಧಿಕಾರಿ ಕ್ಯಾಪ್ಟನ್ ಜೇಮ್ಸ್ ಸ್ಟರ್ಲಿಂಗ್‌ನ ನೇತೃತ್ವದಲ್ಲಿ 1829ರ ಆಗಸ್ಟ್ 12ರಂದು, ಹಡಗಿನ ಅಧಿಕಾರಿಯೊಬ್ಬನ ಪತ್ನಿಯಾದ ಶ್ರೀಮತಿ ಡಾನ್ಸ್ ಒಂದು ಮರಕ್ಕೆ ಕೊಡಲಿ ಹಾಕುವುದರೊಂದಿಗೆ ಪಟ್ಟಣದ ಸ್ಥಾಪನೆಯಾಯಿತು. ಆಗಿನ ವಸಾಹತು ಸಚಿವ ಜಾರ್ಜ್ ಮರ್ರೆಯ ಸ್ಕಾಟ್‌ಲೆಂಡ್ ಊರಿನ ಹೆಸರನ್ನು ಅದಕ್ಕೆ ಇಡಲಾಯಿತು. ವಸಾಹತಿನ ವಿರುದ್ಧ ನಿಂತ ವಜುಕ್ ಯೋಧ ಯಾಗನ್ 1833ರಲ್ಲಿ ಹತನಾದನು. ಪ್ರದರ್ಶನದ ವಸ್ತುವಾಗಿ ಇಂಗ್ಲೆಂಡಿಗೆ ಸಾಗಿದ ಅವನ ತಲೆ ನೂಂಗರ್ ಜನರಿಗೆ ಮರಳಿ ಸಿಕ್ಕಿದ್ದು 1997ರಲ್ಲಿ, ಮಣ್ಣು ಸೇರಿದ್ದು 2010ರಲ್ಲಿ. ಇಂದಿನ ರೈಲು ನಿಲ್ದಾಣವಿರುವೆಡೆ ಒಂದು ಕಾಲಕ್ಕೆ ಜೌಗು ಕೆರೆಯಿತ್ತು. ಅಲ್ಲಿ ಆಹಾರ ಸಂಗ್ರಹಿಸಲು ತಲೆತಲಾಂತರದಿಂದ ನಡೆದ ದಾರಿಗೆ ಬೇಲಿ, ಮನೆಗಳು ಅಡ್ಡಬಂದಾಗ ಫ್ಯಾನಿ ಬಾಲ್ಬುಕ್ ಎಂಬ ನೂಂಗರ್ ಮಹಿಳೆ ಸುತ್ತುಬಳಸು ದಾರಿ ಹಿಡಿಯದೆ, ಬೇಲಿ ಮುರಿದು ಮನೆಗಳ ನಡುವಿನಿಂದಲೇ ಹಾದುಹೋಗುತ್ತಿದ್ದಳು. 1927ರಿಂದ 1954ರವರೆಗೆ ನಗರದ ಕೇಂದ್ರಭಾಗವು ಅನುಮತಿಪತ್ರವಿಲ್ಲದ ಮೂಲನಿವಾಸಿಗಳಿಗೆ ನಿಷಿದ್ಧ ಪ್ರದೇಶವಾಗಿತ್ತು. ನದಿಯ ದಡ ಎಲ್ಲರಿಗೂ ಮುಕ್ತವೆಂಬ ನಗರದ ಹೆಮ್ಮೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕಾಗುತ್ತದೆ.

ಕೂಲಿಗಳಿಲ್ಲದೆ ಸೊರಗಿದ್ದ ವಸಾಹತಿಗೆ 1850ರಿಂದ 1868ರವರೆಗೆ ಬ್ರಿಟನ್ನಿನಿಂದ ಹತ್ತು ಸಾವಿರದ ಹತ್ತಿರ ಹತ್ತಿರ ಕೈದಿಗಳನ್ನು ಸಾಗಿಸಲಾಯಿತು. ರಸ್ತೆ, ಸೇತುವೆ, ಸರಕಾರಿ ಕಟ್ಟಡಗಳು ಅವರ ದುಡಿಮೆಯ ಫಲ. 1856ರಲ್ಲಿ ನಗರದ ಪಟ್ಟ ದೊರೆಯಿತಾದರೂ ನಿಜವಾದ ಬೆಳವಣಿಗೆ ಮೊದಲಾದದ್ದು 1892ರಲ್ಲಿ ಕೂಲ್ಗಾರ್ಡಿಯಲ್ಲೂ ಮರುವರ್ಷ ಕಾಲ್ಗೂರ್ಲಿಯಲ್ಲೂ ಚಿನ್ನ ಸಿಕ್ಕಿದ ಮೇಲೆ. 1899ರಲ್ಲಿ ತೆರೆದ ಟಂಕಸಾಲೆ ಇಂದಿಗೂ ಕೆಲಸ ಮಾಡುತ್ತಿದ್ದು, ಒಂದು ಟನ್ ತೂಕದ ಚಿನ್ನದ ನಾಣ್ಯವನ್ನು ಅಲ್ಲಿ ನೋಡಲಿಕ್ಕೆ ಇಟ್ಟಿದ್ದಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಿಲ್ಬರಾ ಪ್ರದೇಶದ ಕಬ್ಬಿಣದ ಅದಿರು ಚಿನ್ನದ ಸ್ಥಾನವನ್ನು ಹಿಡಿಯಿತು. ನದಿಯ ದಡದ ಗಾಜಿನ ಗೋಪುರಗಳು ಬಹುಮಟ್ಟಿಗೆ ಗಣಿ ಕಂಪನಿಗಳ ಕಚೇರಿಗಳು.

ನಗರದ ಬಳಿ ಸ್ವಾನ್ ನದಿಯೆಂದು ಕರೆಯುವುದು ವಾಸ್ತವವಾಗಿ ಒಂದು ಅಳಿವೆ, ಎಂದರೆ ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಂದಿಗೆ ಬೆರೆಯುವ ಜಲಪ್ರದೇಶ. ಮೇಲುಗಡೆ ಏವನ್ ಎಂಬ ಹೆಸರಿನಲ್ಲಿ ಗೋಧಿ ಬೆಳೆಯುವ ಒಳನಾಡಿನಿಂದ ಇಳಿದುಬರುವ ಹೊಳೆ ಕ್ಯಾನಿಂಗ್ ನದಿಯನ್ನು ಕೂಡಿಕೊಂಡು ಫ್ರೀಮ್ಯಾಂಟಲ್‌ನಲ್ಲಿ ಕಡಲು ಸೇರುತ್ತದೆ. ಚಳಿಗಾಲದ ಮಳೆಯಲ್ಲಿ ಹಗುರವಾದ ಸಿಹಿನೀರು ಮೇಲುಪದರವಾಗಿ ಹರಿದರೆ, ಬೇಸಗೆಯಲ್ಲಿ ಉಪ್ಪುನೀರು ನಗರವನ್ನೂ ದಾಟಿ ಮೇಲಕ್ಕೆ ತೆವಳುತ್ತದೆ. ಈ ಏರುಪೇರಿನಿಂದಲೇ ಅಲ್ಲಿ ಏಡಿ, ಸಿಗಡಿ, ಲೋಳೆಮೀನುಗಳು ಹೇರಳ. ಒಂದು ಚಿಕ್ಕ ಡಾಲ್ಫಿನ್ ಗುಂಪು ನದಿಯಲ್ಲೇ ನೆಲೆಸಿದೆ. ಸಿಹಿನೀರನ್ನೂ ತಾಳಿಕೊಳ್ಳುವ ಬುಲ್ ಶಾರ್ಕ್ ಎಂಬ ಶಾರ್ಕ್‌ಮೀನೂ ಇಲ್ಲಿದ್ದು, ಅದರ ದಾಳಿ ಅತಿ ವಿರಳವಾದರೂ 1923ರಲ್ಲೂ 2023ರಲ್ಲೂ ನದಿಯಲ್ಲಿ ಸಾವು ಸಂಭವಿಸಿದೆ.

ಪ್ರವಾಸಿಯ ಕಣ್ಣಿಗೆ ಸಹಜವಾಗಿ ಕಾಣುವ ಈ ನದಿಯ ಬಹುಭಾಗ ಮನುಷ್ಯ ತಿದ್ದಿದ್ದು. ನದೀಮುಖಕ್ಕೆ ಅಡ್ಡಲಾಗಿ ಸುಣ್ಣಗಲ್ಲಿನ ದಿಂಡು ಇದ್ದುದರಿಂದ ಹಡಗುಗಳು ಒಳಗೆ ಬರಲಾಗುತ್ತಿರಲಿಲ್ಲ. ಐರ್ಲೆಂಡ್ ಮೂಲದ ಎಂಜಿನಿಯರ್ ಸಿ. ವೈ. ಓಕಾನರ್ ಅದನ್ನು ಸಿಡಿಸಿ ತೆಗೆಸಿ, ಹೂಳೆತ್ತಿಸಿ 1897ರಲ್ಲಿ ಒಳಬಂದರನ್ನು ತೆರೆದನು. ಉಪ್ಪುನೀರು ಸಲೀಸಾಗಿ ಮೇಲೇರತೊಡಗಿದ್ದಕ್ಕೆ ಇದೂ ಒಂದು ಕಾರಣ. ನಗರದ ಮುಂದಿನ ಜೌಗು, ಆಳವಿಲ್ಲದ ನೀರಿನ ಅಂಚುಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಹಂತಹಂತವಾಗಿ ಮಣ್ಣು ತುಂಬಿ ಮೇಲೆಬ್ಬಿಸಲಾಯಿತು. ಈಗ ನದಿಗುಂಟ ಹಾಸಿದಂತಿರುವ ಲ್ಯಾಂಗ್ಲಿ ಪಾರ್ಕಿನ ಹುಲ್ಲುಹಾಸು ಒಂದು ಕಾಲದ ನೀರು. 1959ರಲ್ಲಿ ನದಿ ಕಿರಿದಾಗುವ ಕಡೆ ನ್ಯಾರೋಸ್ ಸೇತುವೆ ಸಿದ್ಧವಾಯಿತು; ಅದರ ರಸ್ತೆಜಾಲಕ್ಕಾಗಿ ಮೌಂಟ್ಸ್ ಕೊಲ್ಲಿಯನ್ನೂ ತುಂಬಲಾಯಿತು. ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಬೆಸಿ ರಿಷ್‌ಬೀತ್ 1964ರಲ್ಲಿ, ತೊಂಬತ್ತರ ಹೊಸ್ತಿಲಿನಲ್ಲಿದ್ದಾಗ, ಬರಿಗಾಲಿನಲ್ಲಿ ನದಿಯ ನೀರಿಗಿಳಿದು ಬುಲ್‌ಡೋಜರುಗಳೆದುರು ನಿಂತುಬಿಟ್ಟಳು. ಕೆಲಸ ನಿಲ್ಲಲಿಲ್ಲ, ಆದರೆ ನದಿಯನ್ನು ತುಂಬುವ ಪ್ರತಿಯೊಂದು ಪ್ರಸ್ತಾವವೂ ಆಮೇಲೆ ಜನರ ಪ್ರಶ್ನೆಯನ್ನು ಎದುರಿಸಬೇಕಾಯಿತು. 2016ರಲ್ಲಿ ತೆರೆದ ಎಲಿಜಬೆತ್ ಕೀ ಎಂಬ ದಕ್ಕೆಯಲ್ಲಿ ನಡೆದದ್ದು ಇದರ ತಿರುವುಮುರುವು: ಹಿಂದೆ ತುಂಬಿದ್ದ ನೆಲವನ್ನೇ ಅಗೆದು ನೀರನ್ನು ನಗರದೊಳಕ್ಕೆ ಕರೆದುಕೊಳ್ಳಲಾಯಿತು. ರಿಷ್‌ಬೀತ್‌ಳ ಪ್ರತಿಮೆಯೂ ಅಲ್ಲೇ ಇದೆ. ಇಷ್ಟೆಲ್ಲ ತಿದ್ದುಪಡಿಯ ನಡುವೆಯೂ ಎರಡೂ ದಡಗಳಲ್ಲಿ ನಡೆಯಲೂ ಸೈಕಲ್ ತುಳಿಯಲೂ ದೂರದವರೆಗೆ ಸಾರ್ವಜನಿಕ ದಾರಿ ಉಳಿದುಕೊಂಡಿರುವುದು ನಗರದ ದೊಡ್ಡ ಗಳಿಕೆ.

ನಗರಕೇಂದ್ರಕ್ಕೆ ತಾಗಿಕೊಂಡೇ, ಎಲಿಜಾ ಗುಡ್ಡದ ಮೇಲೆ 400 ಹೆಕ್ಟೇರುಗಳಷ್ಟು ವಿಸ್ತಾರವಾಗಿರುವ ಕಿಂಗ್ಸ್ ಪಾರ್ಕ್ ಜಗತ್ತಿನ ದೊಡ್ಡ ನಗರೋದ್ಯಾನಗಳಲ್ಲಿ ಒಂದು. ಉದ್ಯಾನವೆಂದರೆ ಬೆಂಗಳೂರಿನ ಲಾಲ್‌ಬಾಗನ್ನೋ ಕಬ್ಬನ್ ಪಾರ್ಕನ್ನೋ ನೆನೆಯುವ ಕನ್ನಡ ಓದುಗರು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು: ಕಿಂಗ್ಸ್ ಪಾರ್ಕಿನ ಸುಮಾರು ಮೂರನೆಯ ಎರಡು ಭಾಗ ನೆಟ್ಟು ಬೆಳೆಸಿದ್ದಲ್ಲ, ಹಾಗೆಯೇ ಉಳಿಸಿದ ಕುರುಚಲು ಕಾಡು. ವಸಾಹತಿನ ಮೊದಲ ದಶಕಗಳಲ್ಲಿ ಇಲ್ಲಿನ ಮರಗಳಿಗೂ ಕೊಡಲಿಯೇಟು ಬಿದ್ದಿತ್ತು. 1870ರ ದಶಕದ ಆರಂಭದಲ್ಲಿ ಗುಡ್ಡದ ಒಂದು ಭಾಗವನ್ನು ಸಾರ್ವಜನಿಕ ಬಳಕೆಗೆ ಕಾದಿರಿಸಿ, ಆಮೇಲೆ ವಸಾಹತಿನ ಸರಕಾರದ ಮುಖ್ಯಸ್ಥ ಜಾನ್ ಫಾರೆಸ್ಟ್‌ನ ಒತ್ತಾಸೆಯಿಂದ ಹಿಗ್ಗಿಸಿ, 1895ರಲ್ಲಿ ವಿಧ್ಯುಕ್ತವಾಗಿ ತೆರೆಯಲಾಯಿತು. ಏಳನೆಯ ಎಡ್ವರ್ಡ್ ಪಟ್ಟಕ್ಕೆ ಬಂದ 1901ರಲ್ಲಿ ಇಂದಿನ ಹೆಸರು ಬಂತು.

ಕಿಂಗ್ಸ್ ಪಾರ್ಕಿನ ಮಹತ್ವ ಅರಿವಾಗಬೇಕಾದರೆ ನೈರುತ್ಯ ಆಸ್ಟ್ರೇಲಿಯದ ಸಸ್ಯಸಂಪತ್ತನ್ನು ತಿಳಿಯಬೇಕು. ಪೂರ್ವದಲ್ಲಿ ಮರುಭೂಮಿ, ಉಳಿದೆಡೆ ಕಡಲು ಸುತ್ತುವರಿದು ದ್ವೀಪದಂತೆ ಬೇರ್ಪಟ್ಟ ಈ ಮೂಲೆಯಲ್ಲಿ, ಪೋಷಕಾಂಶಗಳಿಲ್ಲದ ಹಳೆಯ ಮರಳುಮಣ್ಣಿನಲ್ಲಿ ಸಾವಿರಾರು ಬಗೆಯ ಗಿಡಗಳು ವಿಕಾಸಗೊಂಡಿದ್ದು, ಅವುಗಳಲ್ಲಿ ಸುಮಾರು ಅರ್ಧದಷ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಸಾರವಿಲ್ಲದ ನೆಲದಲ್ಲಿ ಇಷ್ಟೊಂದು ವೈವಿಧ್ಯವಿರುವುದು ವಿಚಿತ್ರವಾಗಿ ತೋರಿದರೂ, ಯಾವುದೇ ಒಂದು ಗಿಡ ಹುಲುಸಾಗಿ ಬೆಳೆದು ಉಳಿದವನ್ನು ಹೊಸಕಿಹಾಕಲು ಅಂಥ ಮಣ್ಣು ಅವಕಾಶ ಕೊಡುವುದಿಲ್ಲವೆಂಬುದು ಅದಕ್ಕೆ ಕೊಡಲಾಗುವ ಒಂದು ವಿವರಣೆ. 1965ರಲ್ಲಿ ಪಾರ್ಕಿನೊಳಗೆ ತೆರೆದ 17 ಹೆಕ್ಟೇರುಗಳ ಸಸ್ಯೋದ್ಯಾನವು ಪಶ್ಚಿಮ ಆಸ್ಟ್ರೇಲಿಯದ ಗಿಡಗಳಿಗೇ ಆದ್ಯತೆ ಕೊಡುತ್ತದೆ. ಕೆಂಪು ಹಸಿರು ಬಣ್ಣದ, ಬೆರಳುಗಳಂತೆ ಬಿಡಿಬಿಡಿಯಾದ ತುದಿಗಳ ಮೇಲೆ ನವಿರು ರೋಮ ಹೊತ್ತ ‘ಕಾಂಗರೂ ಪಾದ’ ರಾಜ್ಯಪುಷ್ಪ; ಅದರ ಉದ್ದನೆಯ ದೇಟಿನ ಮೇಲೆ ಕುಳಿತು ಹಕ್ಕಿ ಮಕರಂದಕ್ಕೆ ಬಗ್ಗಿದಾಗ ಪರಾಗ ನೆತ್ತಿಗೆ ಹತ್ತುವಂತೆ ಹೂವಿನ ರಚನೆಯಿದೆ. ಸೆಪ್ಟೆಂಬರ್ ತಿಂಗಳಿನಲ್ಲಿ ಈ ಹೂಗಳಿಗಾಗಿಯೇ ಜನ ದೂರದೂರದಿಂದ ಬರುತ್ತಾರೆ.

ಪಾರ್ಕಿನ ಅತಿ ಹೆಸರುವಾಸಿಯಾದ ಮರ ಮಾತ್ರ ಈ ನೆಲದ್ದಲ್ಲ. ರಾಜ್ಯದ ಉತ್ತರ ತುದಿಯ ಕಿಂಬರ್ಲಿ ಪ್ರದೇಶದಲ್ಲಿ ಹೆದ್ದಾರಿ ಕಾಮಗಾರಿಗೆ ಅಡ್ಡವಾಗಿದ್ದ, ಸುಮಾರು 750 ವರ್ಷ ವಯಸ್ಸಿನದೆಂದು ಅಂದಾಜಿಸಲಾದ, 36 ಟನ್ ತೂಕದ ಬೋವಬ್ ಮರವೊಂದನ್ನು ಅಲ್ಲಿಯ ಗಿಜಾ ಜನರು ನೂಂಗರ್ ಜನರ ನೆಲಕ್ಕೆ ಕೊಡುಗೆಯಾಗಿ ಒಪ್ಪಿಸಿದಾಗ, 2008ರಲ್ಲಿ ಅದನ್ನು ಲಾರಿಯ ಮೇಲೆ ಮಲಗಿಸಿ 3,200 ಕಿ.ಮೀ. ಸಾಗಿಸಿ ಇಲ್ಲಿ ನೆಡಲಾಯಿತು. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಂಡವರು ಈ ಡೊಳ್ಳುಕಾಂಡವನ್ನು ನೋಡಿದೊಡನೆ ನಂಟಸ್ತಿಕೆಯನ್ನು ಗುರುತಿಸಬಲ್ಲರು: ಎರಡೂ ಅಡನ್ಸೋನಿಯ ಕುಲದವು, ಪ್ರಭೇದ ಮಾತ್ರ ಬೇರೆ. ಇಲ್ಲಿಂದ ಮುಂದಕ್ಕೆ 2003ರಲ್ಲಿ ಕಟ್ಟಿದ, ನೀಲಗಿರಿ ಮರಗಳ ನೆತ್ತಿಯ ಮಟ್ಟದಲ್ಲಿ ಹಾದುಹೋಗುವ ಉಕ್ಕು ಗಾಜಿನ ಕಮಾನುಸೇತುವೆಯ ಮೇಲೆ ನಡೆದರೆ ಒಂದು ಕಡೆ ನದಿಯ ವಿಸ್ತಾರವೂ ಇನ್ನೊಂದು ಕಡೆ ಕಾಡೂ ಕಾಣುತ್ತವೆ. ಪಾರ್ಕಿನ ರಸ್ತೆಗಳ ಇಕ್ಕೆಲಗಳ ಮರಗಳಲ್ಲಿ ಸಾವಿರಕ್ಕೂ ಹೆಚ್ಚಿನವುಗಳ ಬುಡದಲ್ಲಿ, ಯುದ್ಧದಲ್ಲಿ ಮಡಿದ ಒಬ್ಬೊಬ್ಬ ಯೋಧನ ಹೆಸರಿನ ಚಿಕ್ಕ ಫಲಕವಿದೆ. 1929ರ ಯುದ್ಧಸ್ಮಾರಕದ ಕಂಬಕ್ಕಿಂತ ಈ ಸಾಲುಮರಗಳೇ ಹೆಚ್ಚು ಮನಮುಟ್ಟುತ್ತವೆ. ಪ್ರವೇಶ ಶುಲ್ಕವಿಲ್ಲ, ಹೊತ್ತಿನ ಕಟ್ಟುಪಾಡೂ ಇಲ್ಲ.

ಪರ್ತ್‌ನ ಕಡಲತೀರ ಒಂದೇ ಸಮನೆ ಪಶ್ಚಿಮಕ್ಕೆ ಮುಖ ಮಾಡಿದ ಬಿಳಿ ಮರಳಿನ ಪಟ್ಟಿ. ಮಂಗಳೂರು, ಕಾರವಾರಗಳಲ್ಲಿರುವಂತೆ ಇಲ್ಲಿಯೂ ಸೂರ್ಯ ಮುಳುಗುವುದು ನೀರಿನಲ್ಲಿ. ದಡದಾಚೆ ನೀರಿನಡಿಯಲ್ಲಿ ಹಬ್ಬಿರುವ ಸುಣ್ಣಗಲ್ಲಿನ ದಿಂಡುಗಳೂ ದೂರದ ದ್ವೀಪಗಳೂ ದೊಡ್ಡ ಅಲೆಗಳ ರಭಸವನ್ನು ತಗ್ಗಿಸುವುದರಿಂದ ದಕ್ಷಿಣದ ತೀರಗಳು ಈಜುವವರಿಗೆ ಅನುಕೂಲ. ಉತ್ತರದ ಸ್ಕಾರ್ಬರೊ, ಟ್ರಿಗ್ ತೀರಗಳು ಅಲೆಹಲಗೆಯವರಿಗೆ ಅಚ್ಚುಮೆಚ್ಚು. ಉಬ್ಬರವಿಳಿತದ ಅಂತರ ಒಂದು ಮೀಟರಿಗಿಂತಲೂ ಕಡಿಮೆಯಿರುವುದರಿಂದ ದಂಡೆಯ ಅಗಲವನ್ನು ಬದಲಿಸುವುದು ಉಬ್ಬರವಲ್ಲ, ಋತುಮಾನ. ಬೇಸಗೆಯ ನೈರುತ್ಯ ಗಾಳಿ ಮರಳನ್ನು ಉತ್ತರಕ್ಕೆ ಒಯ್ದರೆ ಚಳಿಗಾಲದ ಬಿರುಗಾಳಿಗಳು ದಕ್ಷಿಣಕ್ಕೆ ಮರಳಿಸುತ್ತವೆ. ಹೀಗಾಗಿ ಫೆಬ್ರುವರಿಯಲ್ಲಿ ವಿಶಾಲವಾಗಿ ಕಂಡ ದಂಡೆ ಆಗಸ್ಟ್‌ನಲ್ಲಿ ಕಿರಿದಾಗಿರಬಹುದು.

ತೀರಗಳಲ್ಲೆಲ್ಲ ಹೆಸರಾದದ್ದು ಕಾಟೆಸ್ಲೋ. ನಾರ್‌ಫೋಕ್ ಪೈನ್ ಮರಗಳು ಸಾಲಾಗಿ ನಿಂತ ಹುಲ್ಲಿನ ಇಳಿಜಾರು, ಅದರ ಬುಡದಲ್ಲಿ ಮರಳು, ಮರಳಿನಾಚೆ ತಿಳಿಹಸುರಿನಿಂದ ಕಡುನೀಲಿಗೆ ತಿರುಗುವ ನೀರು, ನೀರಿನಲ್ಲಿ ಒಂದು ಕಾಂಕ್ರೀಟು ಕಂಬ. 1936ರಲ್ಲಿ ಶಾರ್ಕ್ ತಡೆಬಲೆ ಕಟ್ಟಲೆಂದು ನಿಲ್ಲಿಸಿದ ಈ ಕಂಬದ ಬಲೆ ಎಂದೋ ಹೋಗಿದೆ, ಕಂಬ ಉಳಿದಿದೆ. ದಡದಿಂದ ಅಲ್ಲಿಗೆ ಈಜಿ, ಅದರ ಮೇಲೆ ಹತ್ತಿ, ನೀರಿಗೆ ಹಾರುವುದು ಊರಿನ ಮಕ್ಕಳಿಗೆ ದೊಡ್ಡವರಾದ ಗುರುತು. 2005ರಿಂದ ಪ್ರತಿವರ್ಷ ಮಾರ್ಚ್‌ನಲ್ಲಿ ದಂಡೆಯ ಮೇಲೆ ಶಿಲ್ಪಗಳ ಬಯಲು ಪ್ರದರ್ಶನ ನಡೆಯುತ್ತ ಬಂದಿದೆ. ಫೆಬ್ರುವರಿಯಲ್ಲಿ ಇಲ್ಲಿಂದ ರಾಟ್‌ನೆಸ್ಟ್ ದ್ವೀಪದವರೆಗಿನ 19.7 ಕಿ.ಮೀ. ಕಡಲನ್ನು ಈಜಿ ದಾಟುವ ಸ್ಪರ್ಧೆಗೆ ಒಬ್ಬೊಬ್ಬರಾಗಿಯೂ ತಂಡವಾಗಿಯೂ ಸಾವಿರಾರು ಮಂದಿ ಇಳಿಯುತ್ತಾರೆ. ಕಾವಲಿರುವ ತೀರಗಳಲ್ಲಿ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕೆಂಬುದು ನಿಯಮ. ದಡಕ್ಕೆ ಬಂದ ಅಲೆಯ ನೀರು ಕಿರಿದಾದ ಹಾದಿಯಲ್ಲಿ ಕಡಲಿಗೆ ಹಿಂದಿರುಗುವಾಗ ಉಂಟಾಗುವ ಸೆಳೆತ, ನೋಡಲು ಅಲೆಯಿಲ್ಲದ ಶಾಂತ ನೀರಿನಂತಿದ್ದು, ಹೊಸಬರನ್ನು ಮೋಸಗೊಳಿಸುತ್ತದೆ.

ನದಿ ಕಡಲನ್ನು ಸೇರುವ ಫ್ರೀಮ್ಯಾಂಟಲ್, ರೂಢಿಯಲ್ಲಿ ಫ್ರೀಯೊ, ಪರ್ತ್‌ಗಿಂತ ಹಳೆಯದಾಗಿ ಕಾಣುವ ಬಂದರುಪಟ್ಟಣ. ಅದರ ಸುಣ್ಣಗಲ್ಲಿನ ಕಟ್ಟಡಗಳು ಕೆಡವುವ ಹಣ ಇಲ್ಲದ ಕಾಲದಲ್ಲಿ ಉಳಿದು, ಬೆಲೆ ತಿಳಿದ ಕಾಲಕ್ಕೆ ಕಾಪಾಡಲ್ಪಟ್ಟವು. 1831ರ ರೌಂಡ್ ಹೌಸ್ ಎಂಬ ದುಂಡು ಬಂದೀಖಾನೆ ರಾಜ್ಯದಲ್ಲಿ ಉಳಿದಿರುವ ಅತಿ ಹಳೆಯ ಸಾರ್ವಜನಿಕ ಕಟ್ಟಡ. ಕೈದಿಗಳೇ ಕಟ್ಟಿದ, 1991ರವರೆಗೆ ಬಳಕೆಯಲ್ಲಿದ್ದ ದೊಡ್ಡ ಸೆರೆಮನೆ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹಡಗೊಡೆತದ ವಸ್ತುಸಂಗ್ರಹಾಲಯದಲ್ಲಿ 1629ರಲ್ಲಿ ಮುಳುಗಿದ ಡಚ್ ಹಡಗು ಬಟಾವಿಯದ ಒಡಲಿನ ತುಂಡನ್ನು ಜೋಡಿಸಿ ನಿಲ್ಲಿಸಿದ್ದಾರೆ. ಪರ್ತ್ ನೋಡಲು ಎರಡೇ ದಿನ ಇರುವವರು ಎತ್ತರದ ಗೋಪುರಗಳನ್ನು ಬಿಟ್ಟು ಒಂದು ದಿನವನ್ನು ಇಲ್ಲಿ ಕಳೆಯುವುದೇ ಲೇಸು.

ತೀರದಿಂದ ಸುಮಾರು 19 ಕಿ.ಮೀ. ದೂರದ ರಾಟ್‌ನೆಸ್ಟ್ ದ್ವೀಪ, ನೂಂಗರ್ ಹೆಸರಿನಲ್ಲಿ ವಜೆಮಪ್, ಖಾಸಗಿ ಕಾರುಗಳಿಲ್ಲದ, ಸೈಕಲ್ಲಿನಲ್ಲಿ ಸುತ್ತಬಹುದಾದ ತಾಣ. ಬೆಕ್ಕಿನ ಗಾತ್ರದ, ಹೊಟ್ಟೆಚೀಲವುಳ್ಳ ಕ್ವೊಕ್ಕ ಎಂಬ ಪ್ರಾಣಿ ಅಲ್ಲಿ ಜನರ ಕಾಲಬಳಿಯೇ ಸುಳಿದಾಡುತ್ತದೆ. ಅದನ್ನು ದೊಡ್ಡ ಇಲಿಯೆಂದು ತಿಳಿದ ಡಚ್ಚರು ದ್ವೀಪವನ್ನು ಇಲಿಗೂಡೆಂದು ಕರೆದರು. ಕ್ವೊಕ್ಕದೊಂದಿಗೆ ಚಿತ್ರ ತೆಗೆಸಿಕೊಳ್ಳಲು ಬರುವ ಬಹುಪಾಲು ಜನರಿಗೆ ದ್ವೀಪದ ಇನ್ನೊಂದು ಚರಿತ್ರೆ ತಿಳಿದಿರುವುದಿಲ್ಲ. 1838ರಿಂದ ಇದು ಮೂಲನಿವಾಸಿ ಪುರುಷರ ಸೆರೆಮನೆಯಾಗಿತ್ತು. ರಾಜ್ಯದ ಮೂಲೆಮೂಲೆಗಳಿಂದ ಸಂಕೋಲೆಯಲ್ಲಿ ಬಂದವರಲ್ಲಿ ಮುನ್ನೂರೆಪ್ಪತ್ತಕ್ಕೂ ಹೆಚ್ಚು ಮಂದಿ ಅಲ್ಲಿಯೇ ಸತ್ತು ಗುರುತಿಲ್ಲದ ಗುಂಡಿಗಳಲ್ಲಿ ಹೂಳಲ್ಪಟ್ಟರು. ಅವರನ್ನು ಕೂಡಿಹಾಕಿದ್ದ ಕ್ವಾಡ್ ಎಂಬ ಕಟ್ಟಡವನ್ನು 2018ರವರೆಗೂ ಪ್ರವಾಸಿಗಳ ತಂಗುದಾಣವಾಗಿ ಬಳಸುತ್ತಿದ್ದುದು ಈಗ ಅಲ್ಲಿಯವರಿಗೇ ಮುಜುಗರದ ಸಂಗತಿ.

ಬಿಸಿಲಿಗೆ ತೆರಬೇಕಾದ ಬೆಲೆಯೂ ಇದೆ. ಬೇಸಗೆಯ ನಡುಹಗಲಿನಲ್ಲಿ ನೇರಳಾತೀತ ಕಿರಣಗಳ ತೀವ್ರತೆಯ ಸೂಚ್ಯಂಕ, ಅಪಾಯದ ತುತ್ತತುದಿಯ ವರ್ಗ ಆರಂಭವಾಗುವ 11ನ್ನು ದಾಟುವುದು ಸಾಮಾನ್ಯ. ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಆಸ್ಟ್ರೇಲಿಯ ಒಂದು. ಟೋಪಿಯಿಲ್ಲದ ಮಗುವಿಗೆ ಶಾಲೆಯ ಮೈದಾನದಲ್ಲಿ ಆಟವಿಲ್ಲ. ಇನ್ನೊಂದು ಸಮಸ್ಯೆ ನೀರಿನದು. 1970ರ ದಶಕದಿಂದೀಚೆಗೆ ಚಳಿಗಾಲದ ಮಳೆ ಗಣನೀಯವಾಗಿ ಇಳಿದಿದ್ದು, ಒಣಗಿದ ನೆಲ ಬಿದ್ದ ಮಳೆಯನ್ನೂ ಹೀರಿಬಿಡುವುದರಿಂದ ಅಣೆಕಟ್ಟುಗಳಿಗೆ ಬರುವ ನೀರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕುಸಿದಿದೆ. 2006ರಲ್ಲಿ ಕ್ವಿನಾನದಲ್ಲಿ ಕಡಲ ನೀರಿನಿಂದ ಉಪ್ಪನ್ನು ಬೇರ್ಪಡಿಸುವ ಸ್ಥಾವರ ಆರಂಭವಾಯಿತು, 2011ರಲ್ಲಿ ಇನ್ನೊಂದು ಬಂತು. ಅಂತರ್ಜಲ ಮತ್ತು ಕಡಲ ನೀರು ಇವೆರಡೇ ಈಗ ನಗರದ ಮುಖ್ಯ ಆಸರೆ. ಶುದ್ಧೀಕರಿಸಿದ ಬಚ್ಚಲ ನೀರನ್ನು ನೆಲದೊಳಕ್ಕೆ ಇಂಗಿಸುವ ವ್ಯವಸ್ಥೆಯೂ ಇದೆ. ಮನೆಯ ಹುಲ್ಲುಹಾಸಿಗೆ ವಾರದಲ್ಲಿ ಗೊತ್ತುಪಡಿಸಿದ ದಿನಗಳಂದು ಮಾತ್ರ ನೀರುಣಿಸಬಹುದು, ಚಳಿಗಾಲದಲ್ಲಿ ಸಿಂಪಡಿಕೆಗೆ ನಿಷೇಧವಿದೆ. ನದೀತೀರದ ಹಸಿರು ಹಾಸನ್ನು ನೋಡಿ ಇಲ್ಲಿ ನೀರಿಗೆ ಬರವಿಲ್ಲವೆಂದು ತಿಳಿಯುವುದು ತಪ್ಪು.

ಕರ್ನಾಟಕದೊಂದಿಗೆ ಪರ್ತ್‌ಗೆ ಎರಡು ಬಗೆಯ ನಂಟುಗಳಿವೆ. ಮೊದಲನೆಯದು ಗಂಧದ್ದು: ಮೈಸೂರಿನ ಶ್ರೀಗಂಧದ ದಾಯಾದಿ ಪ್ರಭೇದವೊಂದು ಪಶ್ಚಿಮ ಆಸ್ಟ್ರೇಲಿಯದ ಒಳನಾಡಿನಲ್ಲಿ ತಾನಾಗಿ ಬೆಳೆಯುತ್ತಿದ್ದು, 1840ರ ದಶಕದಲ್ಲಿ ಅದರ ರಫ್ತು ಬಡ ವಸಾಹತಿನ ಕೈಹಿಡಿಯಿತು. ಎಣ್ಣೆಯ ಅಂಶದಲ್ಲೂ ಕಂಪಿನಲ್ಲೂ ಅದು ಮೈಸೂರಿನದಕ್ಕೆ ಸಾಟಿಯಲ್ಲ. ಎರಡನೆಯದು ಕ್ರಿಕೆಟ್ಟಿನದು. ನಗರದ ಪೂರ್ವಭಾಗದಲ್ಲಿ ನದಿಗೆ ಸಮೀಪದಲ್ಲಿರುವ ವಾಕಾ ಮೈದಾನವು ಚೆಂಡು ಪುಟಿಯುವ ವೇಗಕ್ಕೂ ಮಧ್ಯಾಹ್ನದ ಡಾಕ್ಟರ್ ಗಾಳಿಗೂ ಹೆಸರಾಗಿದ್ದು, ಭಾರತೀಯ ತಂಡಗಳಿಗೆ ಬಹುಕಾಲ ಕಂಟಕವಾಗಿತ್ತು. ಅಲ್ಲಿಯೇ 2008ರ ಜನವರಿ 17ರಂದು ಬೆಂಗಳೂರಿನ ಅನಿಲ್ ಕುಂಬ್ಳೆ ತಮ್ಮ 600ನೆಯ ಟೆಸ್ಟ್ ವಿಕೆಟ್ ಪಡೆದರು. ಆಂಡ್ರೂ ಸೈಮಂಡ್ಸ್‌ರ ಆ ಕ್ಯಾಚನ್ನು ಹಿಡಿದವರು ರಾಹುಲ್ ದ್ರಾವಿಡ್. ಕುಂಬ್ಳೆಯವರ ನಾಯಕತ್ವದಲ್ಲಿ ಭಾರತ ಆ ಪಂದ್ಯವನ್ನು 72 ರನ್ನುಗಳಿಂದ ಗೆದ್ದಿತು. ದೊಡ್ಡ ಪಂದ್ಯಗಳು ಈಗ ನದಿಯ ಆಚೆದಡದಲ್ಲಿ 2018ರಲ್ಲಿ ತೆರೆದ, ಅರವತ್ತು ಸಾವಿರ ಪ್ರೇಕ್ಷಕರ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿವೆ. 2024ರ ನವೆಂಬರ್‌ನಲ್ಲಿ ಅಲ್ಲಿ ಕೆ. ಎಲ್. ರಾಹುಲ್ ಮತ್ತು ಯಶಸ್ವಿ ಜೈಸ್ವಾಲ್ ಮೊದಲ ವಿಕೆಟ್ಟಿಗೆ 201 ರನ್ ಸೇರಿಸಿ ಭಾರತದ 295 ರನ್ನುಗಳ ಗೆಲುವಿಗೆ ತಳಪಾಯ ಹಾಕಿದರು. ನಗರದಿಂದ ಪಂದ್ಯಕ್ಕೆ ಹೋಗುವವರು ನದಿಯನ್ನು ದಾಟುವುದು ಮಟಗರಪ್ ಎಂಬ ಕಾಲ್ಸೇತುವೆಯ ಮೇಲೆ.

ಸಂದರ್ಶನಕ್ಕೆ ಹೂಗಳ ಕಾಲವಾದ ಸೆಪ್ಟೆಂಬರ್‌ನಿಂದ ನವೆಂಬರ್ ಮತ್ತು ಗಾಳಿ ತಗ್ಗಿ ಕಡಲಿನ ನೀರು ಇನ್ನೂ ಬೆಚ್ಚಗಿರುವ ಮಾರ್ಚ್‌ನಿಂದ ಮೇ ಪ್ರಶಸ್ತ. ನಗರಕೇಂದ್ರದಲ್ಲಿ ಕ್ಯಾಟ್ ಎಂಬ ಬಸ್ಸುಗಳು ಉಚಿತವಾಗಿ ಓಡಾಡುತ್ತವೆ. ಎಲಿಜಬೆತ್ ಕೀಯಿಂದ ಹೊರಡುವ ಚಿಕ್ಕ ದೋಣಿ ಕೆಲವೇ ನಿಮಿಷಗಳಲ್ಲಿ ನದಿ ದಾಟಿ, 1898ರ ಮೃಗಾಲಯವಿರುವ ದಕ್ಷಿಣ ಪರ್ತ್‌ಗೆ ಮುಟ್ಟಿಸುತ್ತದೆ. ಕಾಟೆಸ್ಲೋಗೂ ಫ್ರೀಮ್ಯಾಂಟಲ್‌ಗೂ ಒಂದೇ ರೈಲು ಮಾರ್ಗ. 1881ರಲ್ಲಿ ಆರಂಭವಾದ ಈ ಮಾರ್ಗವನ್ನು 1979ರಲ್ಲಿ ಸರಕಾರ ಮುಚ್ಚಿದಾಗ ಜನರು ಸುಮ್ಮನಿರಲಿಲ್ಲ. 1983ರಲ್ಲಿ ಸರಕಾರ ಬದಲಾಗಿ ರೈಲು ಮತ್ತೆ ಓಡಿತು. ಪರ್ತ್‌ನ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಸಂಜೆಯ ಬೆಳಕನ್ನು ಹಿಗ್ಗಿಸುವ, ಪೂರ್ವದ ಕೆಲವು ರಾಜ್ಯಗಳಲ್ಲಿರುವ ಪದ್ಧತಿ ಇಲ್ಲಿಲ್ಲ. 1975, 1984, 1992 ಮತ್ತು 2009ರಲ್ಲಿ ನಡೆದ ನಾಲ್ಕು ಜನಮತಗಣನೆಗಳಲ್ಲೂ ಮತದಾರರು ಅದನ್ನು ತಿರಸ್ಕರಿಸಿದ್ದಾರೆ. ಆದ್ದರಿಂದ ಡಿಸೆಂಬರ್‌ನಲ್ಲೂ ಸೂರ್ಯ ಏಳೂವರೆಯೊಳಗೆ ಮುಳುಗುತ್ತಾನೆ; ಕಾಟೆಸ್ಲೋದ ಸೂರ್ಯಾಸ್ತ ನೋಡಬೇಕೆನ್ನುವವರು ನಗರದಿಂದ ಆರು ಗಂಟೆಯ ರೈಲು ಹಿಡಿಯುವುದು ಒಳ್ಳೆಯದು.